ಅಬ್ಬಾ ಕಳಿಸಿದ ಎರಡು ಕಿಲೊ ಕಾಯಿ

ತಸ್ಲೀಮ್ ಮಾಡಿದ ಮೊದಲ ತಪ್ಪೆಂದರೆ ಅಪ್ಪನನ್ನು ನಂಬಿದ್ದು. ಅದನ್ನು ತಪ್ಪು ಅನ್ನಲು ಯಾರಿಗೆ ಬಾಯಿ ಬರುತ್ತದೆ ಹೇಳಿ.

ಆಕೆ ಪುಣೆಯ ಸಂಶೋಧನಾ ಸಂಸ್ಥೆಯೊಂದರಲ್ಲಿ ವಸ್ತುವಿಜ್ಞಾನಿ. ಒಂಬತ್ತು ವರ್ಷದ ಹಿಂದೆ, ಅಪ್ಪ ಯೂಸುಫಸಾಬ ಬ್ಯಾಡಗಿಯ ತನ್ನ ಅಂಗಡಿಯಿಂದ ಕಳಿಸಿದ ಎರಡು ಕಿಲೊ ಮೆಣಸಿನಕಾಯಿಯನ್ನು ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಬೇಯಿಸಿ ಇಂಗಾಲದ ನ್ಯಾನೊ ಕಣ ತೆಗೆದಳು. ಕೂದಲೆಳೆಯೊಂದರ ಅಗಲದಲ್ಲಿ ಸಾವಿರಾರು ಕಣ ಸಾಲಾಗಿ ನಿಲ್ಲಬೇಕು, ಅಷ್ಟು ಸಣ್ಣವು. ಬೆಳಕು ಬಿದ್ದರೆ ಕೆಂಪಗೆ ಹೊಳೆಯುತ್ತವೆ, ರೋಗ ಹಿಡಿದ ಜೀವಕೋಶಗಳನ್ನು ಗುರುತಿಸಲು ಬರುತ್ತವೆ ಎಂದು ಪ್ರಬಂಧ ಬರೆದಳು. ಆ ಒಂದು ಪ್ರಬಂಧದಿಂದ ನೌಕರಿ ಸಿಕ್ಕಿತು, ಸ್ವಂತ ಪ್ರಯೋಗಾಲಯ ಸಿಕ್ಕಿತು, ಶಾಲು ಹೊದಿಸಿಕೊಂಡು ಹೊದಿಸಿಕೊಂಡು ಹೆಗಲು ನೋಯುವಷ್ಟು ಸನ್ಮಾನಗಳಾದವು. ಕಾಯಿ ಎಲ್ಲಿಯದು ಎಂದು ಬರೆಯುವ ಕಡೆ ಅಪ್ಪನ ಹೆಸರು, ಅಂಗಡಿಯ ವಿಳಾಸ ಎರಡನ್ನೂ ಹಾಕಿದ್ದಳು. ಅಪ್ಪ ಆ ಹಾಳೆಗೆ ಗಾಜಿನ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ. ಇಂಗ್ಲಿಷ್ ಬಾರದಿದ್ದರೇನು, ತನ್ನ ಹೆಸರಿನ ಸಾಲಿಗೆ ಸರಿಯಾಗಿ ಬೆರಳಿಡುತ್ತಿದ್ದ.

ಆಮೇಲೆ ತರಿಸಿದ ಯಾವ ಕಾಯಿಯ ಕಣವೂ ಹೊಳೆಯಲಿಲ್ಲ. ತಸ್ಲೀಮ್ ತನ್ನನ್ನೊಬ್ಬಳನ್ನು ಬಿಟ್ಟು ಎಲ್ಲರನ್ನೂ ಬೈದಳು. ಹೆಚ್ಚು ಬೈಸಿಕೊಂಡವಳು ಭುವನಾ, ಪಿಎಚ್.ಡಿ. ಮಾಡಲು ರಾಣೆಬೆನ್ನೂರಿನಿಂದ ಬಂದ ವಿದ್ಯಾರ್ಥಿನಿ.

"ಮೇಡಮ್, ಆ ಮೊದಲಿನ ಕಾಯಿನ ಒಂದ್ ಸಲ ಪರೀಕ್ಷಾ ಮಾಡೋಣ್ರಿ. ಅದರಾಗ ಬಣ್ಣ-ಗಿಣ್ಣ ಕೂಡಿತ್ತೇನೊ" ಎಂದು ಆಕೆ ಒಮ್ಮೆ ಕೇಳಿದ್ದಳು.

ತಸ್ಲೀಮಳಿಗೆ ಮೈಯೆಲ್ಲ ಉರಿದುಹೋಯಿತು. "ನಮ್ಮಪ್ಪನ ಕಾಯಿಗೆ ಹೆಸರಿಡ್ತಿ? ದೋಷ ನಿನ್ನ ಕೈಯಾಗ ಐತಿ, ಕಾಯಾಗಲ್ಲ" ಎಂದು ಹತ್ತು ಜನರ ಮುಂದೆ ಅಂದುಬಿಟ್ಟಳು. ಮೂರನೆಯ ವರ್ಷ ಭುವನಾ ಓದು ಬಿಟ್ಟು ಗಂಟುಮೂಟೆ ಕಟ್ಟಿದಳು.

ಈ ವರ್ಷ ಹೊರದೇಶದ ತಂಡವೊಂದು, ಕಾಯಿಗೆ ಬಣ್ಣ ಕೂಡಿರಬಹುದೆಂಬ ಅದೇ ಮಾತನ್ನು ಬರೆದು ಕಳಿಸಿತು. ನಮ್ಮ ಹುಡುಗಿ ಹೇಳಿದಾಗ ಕೇಳದ ಕಿವಿ ಆಗ ಕೇಳಿತು ನೋಡಿ. ಪ್ರಯೋಗಾಲಯದ ಡಬ್ಬಿಯ ತಳದಲ್ಲಿ ಬೇಯಿಸದೆ ಉಳಿದಿದ್ದ ನಾಲ್ಕು ಹಳೆಯ ಕಾಯಿ ತೆಗೆದು ಪರೀಕ್ಷೆ ಮಾಡಿದರೆ, ಸಿಕ್ಕಿದ್ದು ಚಾಪೆಗೆ ಹಾಕುವ ಬಣ್ಣ. ಒಂಬತ್ತು ವರ್ಷದ ಹಿಂದೆ ಹೊಳೆದದ್ದು ಅದು, ಕಣವಲ್ಲ.

ಬ್ಯಾಡಗಿಗೆ ಬಂದು ಅಂಗಡಿಯಲ್ಲೇ ಅಪ್ಪನನ್ನು ಹಿಡಿದಳು. ಅವರ ಮನೆಯಲ್ಲಿ ಅಕ್ಕರೆಗೆ ಉರ್ದು, ವ್ಯಾಪಾರಕ್ಕೂ ಜಗಳಕ್ಕೂ ಕನ್ನಡ.

"ಅಬ್ಬಾ, ಆವತ್ತಿನ ಕಾಯಿಗೆ ಬಣ್ಣ ಹಾಕಿದ್ರೇನು?"

ಯೂಸುಫಸಾಬ ತಕ್ಕಡಿ ಒರೆಸುವುದನ್ನು ನಿಲ್ಲಿಸಲಿಲ್ಲ. "ಹಾಕಿದ್ದೆ. ಆ ವರ್ಷ ಅಕಾಲ ಮಳಿ ಬಿದ್ದು ಕೆಂಪು ಹೋಗಿ ಎಲ್ಲಾ ಬಿಳಿಗಾಯಿ ಆಗಿತ್ತು. ನೀ ಕೆಂಪನ್ನ ಕಾಯಿನ ಬೇಕಂದಿ. ಅಷ್ಟು ದೊಡ್ಡ ಮಂದಿ ಮುಂದ ನನ್ನ ಮಗಳು ಬಿಳಿಗಾಯಿ ಇಡಬೇಕೇನು?"

"ಎಲ್ಲಾರಿಗೂ ಹಿಂಗ ಹಾಕಿ ಕೊಡ್ತೀರಿ?"

"ತೌಬಾ ತೌಬಾ. ನಲವತ್ತು ವರ್ಷದಾಗ ಒಬ್ಬ ಗಿರಾಕಿಗೂ ಹಾಕಿಲ್ಲ. ನಿನಗಷ್ಟ ಹಾಕಿದ್ದು."

ಊರಿಗೆಲ್ಲ ನಿಯತ್ತಿನಿಂದ ಮಾರಿದ ಮನುಷ್ಯ ಮೋಸ ಮಾಡಿದ್ದು ಹೆತ್ತ ಮಗಳಿಗೆ ಮಾತ್ರ, ಅದೂ ಪ್ರೀತಿಯಿಂದ. ತಸ್ಲೀಮಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಪ್ರಬಂಧ ಹಿಂದಕ್ಕೆ ತೆಗೆದುಕೊಳ್ಳಬೇಕು, ಕಾರಣ ಬರೆದುಕೊಡಬೇಕು, ತಪ್ಪು ತನ್ನದೆಂದು ಬಂದರೆ ನೌಕರಿ ಹೋದಂತೆಯೇ ಎಂದು ಒಂದೇ ಉಸಿರಿಗೆ ಹೇಳಿದಳು.

ಮುದುಕ ಗೋಡೆಯ ಮೇಲಿನ ಆ ಹಾಳೆಯ ಕಟ್ಟನ್ನು ತಾನೇ ಇಳಿಸಿ ಚೀಲಗಳ ಹಿಂದೆ ಇಟ್ಟ. "ನನ್ನ ಹೆಸರು ಬರಿ. ಅಂಗಡಿಯವ ಮೋಸ ಮಾಡ್ಯಾನಂತ ಬರಿ. ನಿನ್ನ ನೌಕರಿ ಉಳೀಲಿ, ಬೇಟಿ."

"ಬರೀತೇನಿ" ಅಂದಳು. ಒಂದು ಸಲ ಬಾಯಿಮಾತಿಗಾದರೂ ಬೇಡ ಅನ್ನಬಹುದಿತ್ತು.

ಆದರೆ ಸಂಸ್ಥೆ ಕೇಳಿದ ವಿವರಣೆಯಲ್ಲಿ ಇನ್ನೊಂದು ಪ್ರಶ್ನೆಯಿತ್ತು: ಈ ಮೊದಲು ಯಾರಾದರೂ ಸಂಶಯ ಹೇಳಿದ್ದರೇ? ಮರುದಿನ ತಸ್ಲೀಮ್ ರಾಣೆಬೆನ್ನೂರಿನ ಬಸ್ಸು ಹತ್ತಿದಳು. ಕ್ಷಮೆ ಕೇಳಲು ಹೊರಟಿದ್ದೇನೆ ಎಂದುಕೊಂಡಳು. ಖರೇ ಹೇಳಬೇಕೆಂದರೆ, ಆ ಹುಡುಗಿ ಎಲ್ಲಿ ಬಾಯಿಬಿಡುತ್ತಾಳೋ ಎಂಬ ಅಂಜಿಕೆ.

ಭುವನಾ ಬೀಜದ ಕಂಪನಿಯೊಂದರಲ್ಲಿ ಒದ್ದೆ ಕಾಗದದ ಮೇಲೆ ಮೊಳಕೆಯೊಡೆದ ಬೀಜ ಎಣಿಸುತ್ತಿದ್ದಳು. ತಸ್ಲೀಮ್ ಹೇಳಿದ್ದನ್ನೆಲ್ಲ ಕೇಳಿ ಕಾಗದವನ್ನು ಪಕ್ಕಕ್ಕೆ ಸರಿಸಿದಳು.

"ನನ್ನ ಕೈಯಾಗನ ದೋಷ ಐತಿ ಅನ್ಕೊಂಡಿದ್ದೆ ನೋಡ್ರಿ ಮೇಡಮ್. ಇಲ್ಲೂ ಎಲ್ಲಾ ಎರಡೆರಡು ಸಲ ಎಣಸ್ತೀನಿ."

"ವಾಪಸ್ ಬಾ. ನಿನ್ನ ಸೀಟು ನಾ ಕೊಡಸ್ತೇನಿ."

"ಬ್ಯಾಡ್ರಿ. ನಾ ಯಾರ ಮುಂದೂ ಏನೂ ಹೇಳಂಗಿಲ್ಲ. ಭುವನಾ ಕೇಳಿದ್ಲು ಅಂತ ನೀವ ಒಂದು ಸಾಲು ಬರೀರಿ. ಕೆಲಸ ಬರದ ಓಡಿ ಬಂದಾಳ ಅಂತ ನಮ್ಮವ್ವ ಇನ್ನೂ ತಿಳಕೊಂಡಾಳ. ಆಕಿಗೆ ಓದಿ ಹೇಳ್ತೀನಿ."

"ಬರೀತೇನಿ" ಅಂದಳು ತಸ್ಲೀಮ್.

ವಾಪಸು ಬಸ್ಸಿನಲ್ಲಿ ಫೋನಿನಲ್ಲೇ ವಿವರಣೆ ಬರೆದಳು. ಅಪ್ಪನ ಹೆಸರು, ಅಂಗಡಿಯ ವಿಳಾಸ, ಬಣ್ಣ ಬೆರೆಸಿದ ವಿಷಯ ಸರಸರನೆ ಬಂದವು. ಭುವನಾಳ ಸಾಲನ್ನೂ ಬರೆದಳು. ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತಾಗ ಅದನ್ನು ಇನ್ನೊಮ್ಮೆ ಓದಿದಳು. ಅದೊಂದು ಇದ್ದರೆ ಎಲ್ಲ ತನ್ನ ಕೊರಳಿಗೇ ಬರುತ್ತದೆ. ಅಳಿಸಿದಳು. ಆ ಜಾಗದಲ್ಲಿ 'ಯಾರೂ ಹೇಳಿರಲಿಲ್ಲ' ಎಂದು ಬರೆದು ಕಳಿಸಿಬಿಟ್ಟಳು.

ಬ್ಯಾಡಗಿ ಮುಟ್ಟುವ ಮೊದಲೇ ಅಪ್ಪನ ಫೋನು ಬಂತು.

"ಕಳಿಸಿದಿ?"

"ಕಳಿಸೇನಿ ಅಬ್ಬಾ."

"ನನ್ನ ಹೆಸರು ಬರದಿ ಇಲ್ಲೊ?"

"ಬರದೇನಿ."

"ಛಲೋ ಮಾಡಿದಿ" ಅಂದ ಯೂಸುಫಸಾಬ. ಅವನ ದನಿ ಹಗುರಾಗಿತ್ತು. "ನಾ ಅಂತೂ ಸುಳ್ಳ ಮಾಡಿದೆ. ನೀನರ ಖರೇ ಬರದಿ."