ಜುಲೈ ಒಂದರವರು

ಹುರಿಹಗ್ಗ ಮತ್ತೆ ಕಿತ್ತುಹೋಯಿತು. ಉಮಾಕಾಂತ ಅವಸ್ಥಿ ಬಿದಿರನ್ನು ಮೊಣಕಾಲಿನಡಿ ಒತ್ತಿ ಹಿಡಿದು ಚಟ್ಟದ ಗಂಟು ಬಿಗಿಯುತ್ತಿದ್ದರು, ಆದರೆ ಕಣ್ಣು ಗಂಟಿನ ಮೇಲಿರಲಿಲ್ಲ. ತೆರೆದ ಬಾಗಿಲಿನೊಳಗೆ, ಹೆಂಗಸರ ನಡುವೆ, ನಿರ್ಮಲಾ ಕುರೀಲ್ ಸತ್ತವರ ಹೆಂಡತಿ ರಾಮದುಲಾರಿಯ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಿದ್ದರು. ಏನು ಹೇಳುತ್ತಿದ್ದಾರೆ? ಹೋಗಲಿ, ಆ ಮುದುಕಿ ತಲೆಯಾಡಿಸುತ್ತಿರುವುದು ಯಾವುದಕ್ಕೆ?

“ಪ್ರೊಫೆಸರ್ ಸಾಬ್, ಚಟ್ಟ ಕಟ್ತಿದ್ದೀರೋ, ಕೋಣ ಕಟ್ತಿದ್ದೀರೋ?” ಎಂದ ಸತ್ತವರ ತಮ್ಮನ ಮಗ ಬ್ರಿಜೇಶ್. “ದೊಡ್ಡಪ್ಪ ಎದ್ದು ಓಡಿಹೋಗಲ್ಲ. ಕೊಡಿ ಇಲ್ಲಿ.”

ಅವಸ್ಥಿ ಹಗ್ಗ ಕೊಟ್ಟು ಎದ್ದರು. ಬೇವಿನ ಮರದ ತನಕ ಹೋದರು, ಅಲ್ಲೇನೂ ಕೆಲಸವಿಲ್ಲದ್ದರಿಂದ ಮರಳಿ ಬಂದರು. ಅಂಗಳದಲ್ಲಿ ಕಾಲೇಜಿನವರೆಲ್ಲ ನಿಂತಿದ್ದರು. ಒಬ್ಬರ ಮುಖದಲ್ಲಾದರೂ ಸತ್ತವರ ಮನೆಗೆ ಬಂದ ನಿಧಾನವಿರಲಿಲ್ಲ. ಎಲ್ಲರ ಕಣ್ಣೂ ಅವಸ್ಥಿಯಿಂದ ಬಾಗಿಲಿಗೆ, ಬಾಗಿಲಿನಿಂದ ಅವಸ್ಥಿಗೆ ಓಡಾಡುತ್ತಿದ್ದವು.

ಬೇನಿಮಾಧವ ಕಟಿಯಾರ್ ಹಿಂದಿನ ಸಂಜೆ ತೀರಿಕೊಂಡಿದ್ದರು. ನಮ್ಮ ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತರಾಗಿ ವರ್ಷಗಳೇ ಆಗಿದ್ದವು. ಆದರೂ ಅಧ್ಯಾಪಕರಲ್ಲಿ ಯಾರು ಸೀನಿಯರ್, ಯಾರು ಜೂನಿಯರ್ ಎಂಬ ಜಗಳ ಎದ್ದಾಗಲೆಲ್ಲ ಪ್ರಿನ್ಸಿಪಾಲರು ಅವರ ಬಾಗಿಲಿಗೇ ಬರುತ್ತಿದ್ದರು. ಹೊರಗಿನವರಿಗೆ ಇದು ನಗೆಯ ವಿಷಯ, ನಮಗಲ್ಲ. ಪ್ರಿನ್ಸಿಪಾಲರ ಕುರ್ಚಿ ಖಾಲಿಯಾದರೆ ಎಲ್ಲರಿಗಿಂತ ಸೀನಿಯರ್ ಆದವರು ಅದರಲ್ಲಿ ಕೂರುತ್ತಾರೆ, ಸರ್ಕಾರ ಹೊಸಬರನ್ನು ಕಳಿಸುವ ತನಕ. ಸರ್ಕಾರ ಕಳಿಸುವುದಿಲ್ಲ. ಹಾಗಾಗಿ ಕೂತವರು ಕೂತೇ ಇರುತ್ತಾರೆ.

ಕೆಲಸಕ್ಕೆ ಸೇರಿದ ದಿನ ಒಂದೇ ಆದರೆ ವಯಸ್ಸಿನಲ್ಲಿ ದೊಡ್ಡವರು ಸೀನಿಯರ್. ನಿಯಮವೇನೋ ಸರಿಯೇ. ಆದರೆ ನಮ್ಮ ಗಂಗೆಯ ಬಯಲಿನಲ್ಲಿ ವಯಸ್ಸು ಯಾರಿಗೆ ಗೊತ್ತು? ಮಗುವನ್ನು ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರರು ಹುಟ್ಟಿದ ದಿನ ಕೇಳುತ್ತಾರೆ, ಅಪ್ಪ ತಲೆ ಕೆರೆದುಕೊಳ್ಳುತ್ತಾನೆ, ಮಾಸ್ತರರು ತಾವೇ ಜುಲೈ ಒಂದು ಎಂದು ಬರೆದುಬಿಡುತ್ತಾರೆ. ನಮ್ಮ ಸ್ಟಾಫ್ ರೂಮಿನ ಅರ್ಧಕ್ಕರ್ಧ ಜನ ಹುಟ್ಟಿದ್ದು ಜುಲೈ ಒಂದರಂದೇ.

ಇತಿಹಾಸದ ಅವಸ್ಥಿಯೂ ರಸಾಯನಶಾಸ್ತ್ರದ ನಿರ್ಮಲಾ ಕುರೀಲರೂ ಸೇರಿದ್ದು ಒಂದೇ ದಿನ, ಹುಟ್ಟಿದ್ದು ಒಂದೇ ವರ್ಷದ ಜುಲೈ ಒಂದು. ನಿವೃತ್ತರಾಗುವುದೂ ಒಂದೇ ದಿನ. ಪ್ರಿನ್ಸಿಪಾಲ್ ಭಟ್ನಾಗರ್ ಈ ಜೂನ್ ಮುಗಿಯುತ್ತಲೇ ಹೋಗುತ್ತಾರೆ. ಕುರ್ಚಿ ಈಗ ಯಾರಿಗೆ ತಪ್ಪಿತೋ ಅವರಿಗೆ ಜನ್ಮಕ್ಕೆ ತಪ್ಪಿದಂತೆ. ಅವಸ್ಥಿಯ ಹೆಂಡತಿ ಆಗಲೇ ಪ್ರಿನ್ಸಿಪಾಲರ ಬಂಗಲೆಯ ಕಿಟಕಿಗಳಿಗೆ ಪರದೆಯ ಅಳತೆ ತೆಗೆದುಕೊಂಡು ಬಂದಿದ್ದಳು. ನಿರ್ಮಲಾ ಅಳತೆ ಏನೂ ತೆಗೆದಿರಲಿಲ್ಲ. ಅವರು ಸೇರಿದ ಹೊಸತರಲ್ಲಿ ಸ್ಟಾಫ್ ರೂಮಿನಲ್ಲಿ ಅವರ ಚಹಾಕ್ಕೆ ಬೇರೆ ಲೋಟ ಇಟ್ಟಿದ್ದರು, ಹಿಡಿ ಮುರಿದದ್ದು. ಆ ಲೋಟವನ್ನು ಅವರು ಮರೆತಿರಲಿಲ್ಲ.

“ಕಾಗದದ ಮೇಲೆ ನೀವಿಬ್ಬರೂ ಅವಳಿ ಮಕ್ಕಳು,” ಎಂದಿದ್ದರು ಕಟಿಯಾರ್. “ನಿಮ್ಮನ್ನ ಎತ್ತಿ ಆಡಿಸಿದವರನ್ನೇ ಕೇಳ್ಕೊಂಡು ಬರ್ತೀನಿ. ಇಬ್ಬರದೂ ಕೇಳೋ ತನಕ ಒಬ್ಬರದನ್ನೂ ಹೇಳಲ್ಲ. ಒಪ್ಪಿಗೆಯಾ?”

ಇಬ್ಬರೂ ಒಪ್ಪಿದ್ದರು. ಬೆಂಕಿಯಂಥ ಗಾಳಿ ಬೀಸುವ ದಿನಗಳಲ್ಲಿ ಮುದುಕ ತಲೆಗೆ ಒದ್ದೆ ಟವೆಲು ಸುತ್ತಿಕೊಂಡು ಬಸ್ಸು ಹತ್ತಿದರು. ನಿರ್ಮಲಾರ ಊರಿಗೆ ಹೋಗಿ ಅವರ ತಾಯಿಯನ್ನು ಕಂಡರು. ಅಲ್ಲಿಂದಲೇ ಅವಸ್ಥಿಯ ಊರಿಗೆ ಹೋದರು, ತಾಯಿ ಇಲ್ಲದ್ದರಿಂದ ಸೋದರತ್ತೆಯನ್ನು ಕಂಡರು. ಮನೆಗೆ ಬಂದು ಮಲಗಿದವರು ಏಳಲಿಲ್ಲ.

ಕೈಪಂಪಿನ ಹತ್ತಿರ ಇಬ್ಬರೂ ಎದುರುಬದುರಾದರು. ನಿರ್ಮಲಾ ಮುಖ ತೊಳೆಯಲು ಬಂದಿದ್ದರು. ಅವಸ್ಥಿ ತಾವೇ ಪಂಪು ಒತ್ತಿದರು.

“ರಾಮದುಲಾರಿ ಭಾಬಿ ಏನಾದ್ರೂ ಹೇಳಿದ್ರಾ?”

“ನೀರು ಬೇಕು ಅಂದ್ರು.”

“ನಿಮ್ಮ ಅಮ್ಮ ಕಟಿಯಾರ್‌ಜೀಗೆ ಏನು ಹೇಳಿದ್ರಂತೆ?”

“ನಿಮ್ಮ ಅತ್ತೆ ಏನು ಹೇಳಿದ್ರು?”

“ನೀವು ಮೊದಲು ಹೇಳಿ.”

“ಆಹಾ! ನಾನು ಹೇಳ್ಬೇಕು, ಅದಕ್ಕಿಂತ ಒಂದು ತಿಂಗಳು ಮುಂಚೆ ನೀವು ಹುಟ್ಬಿಡ್ಬೇಕು. ಚೆನ್ನಾಗಿದೆ ಅವಸ್ಥಿಜೀ.”

ಅವಸ್ಥಿ ಪಂಪು ಬಿಟ್ಟರು. ನೀರು ನಿಂತಿತು. ಮುಖದ ತುಂಬ ನೊರೆಯಿದ್ದ ನಿರ್ಮಲಾ ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ನಿಂತರು, ಅವಸ್ಥಿ ನಾಚಿಕೊಂಡು ಮತ್ತೆ ಒತ್ತಿದರು. ತಮ್ಮದನ್ನು ಅವರು ಬೆಳಿಗ್ಗೆಯೇ ಫೋನಿನಲ್ಲಿ ಕೇಳಿಕೊಂಡಿದ್ದರು. ಕಿವುಡಿ ಅತ್ತೆ ಇಡೀ ಕೇರಿಗೆ ಕೇಳುವಂತೆ ಕೂಗಿದ್ದಳು: “ಗಂಗಮ್ಮ ಊರೊಳಗೆ ಬಂದು ನಮ್ಮ ಎಮ್ಮೆ ಕೊಚ್ಕೊಂಡು ಹೋದ್ಲಲ್ಲ, ಅದರ ಮುಂದಿನ ಹೋಳಿ ಬೆಳಿಗ್ಗೆ ಹುಟ್ಟಿದೆ ನೀನು! ಹಬ್ಬಕ್ಕೆ ಗುಜಿಯಾ ಕರಿಯೋಕೆ ಮನೇಲಿ ತುಪ್ಪ ಇರ್ಲಿಲ್ಲ!”

ಹೆಣ ಎತ್ತುವ ಮುನ್ನ ಭಟ್ನಾಗರ್ ತಾವೇ ಒಳಗೆ ಹೋದರು. ಅವರಿಗೂ ತಳಮಳ. ಕೀಲಿಕೈ ಯಾರ ಕೈಗೆ ಕೊಡುವುದು?

“ಭಾಬಿ, ಈಗ ಕೇಳಬಾರದು. ಆದ್ರೂ... ಅವರು ನಿನ್ನೆ ಏನಾದ್ರೂ ಅಂದ್ರಾ? ಒಂದು ಹೆಸರು?”

ರಾಮದುಲಾರಿ ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿ ಅವರನ್ನು ನೋಡಿದಳು. “ಮಾವಿನಕಾಯಿ ಪಾನಕ ಕುಡಿದ್ರು. ಇಬ್ಬರ ಕತೆಯೂ ಸಿಕ್ತು, ನಾಳೆ ಹೇಳ್ತೀನಿ ಅಂದ್ರು. ನಕ್ಕರು. ನಾನು ಕೇಳ್ಲಿಲ್ಲ. ಆ ರಿಜ್ವಿ ವಿಷಯ ಆದ ದಿನದಿಂದ ನಿಮ್ಮ ಸೀನಿಯಾರಿಟಿ ಬಗ್ಗೆ ಒಂದು ಮಾತೂ ಕೇಳಲ್ಲ ಅಂತ ಆಣೆ ಹಾಕಿದ್ದೆ.” ಆಮೇಲೆ ಅವಳ ಧ್ವನಿ ಏರಿತು. “ನನ್ನ ಗಂಡನ್ನ ಬಿಸಿಲಲ್ಲಿ ಊರೂರು ಅಲೆಸಿ ಕೊಂದ್ರಿ. ಇನ್ನು ಹೆಣದ ಬಾಯಿಂದಲೂ ತೀರ್ಪು ಬೇಕಾ?”

ನಿರ್ಮಲಾ ಗೋಡೆಯ ಕಡೆ ತಿರುಗಿ ಅಳತೊಡಗಿದರು. ರಾಮದುಲಾರಿಯೇ ಅವರ ಬೆನ್ನಿಗೆ ಕೈ ಹಾಕಿದಳು. “ನೀನು ಗಂಗೆ ಘಾಟಿಗೆ ಹೋಗು ಬಿಟಿಯಾ. ಹೆಂಗಸರು ಹೋಗಬಾರದು ಅಂತ ಯಾರಾದ್ರೂ ಅಂದ್ರೆ ನನ್ನ ಹೆಸರು ಹೇಳು. ನಿಮ್ಮಮ್ಮನ ಮಂಚದ ಮೇಲೆ ಕೂತು ಬೆಲ್ಲ ತಿಂದು ನೀರು ಕುಡಿದು ಬಂದೆ ಅಂತ ಹೇಳ್ತಿದ್ರು. ಹೋಗಿ ಒಂದು ಚೂರು ಕಟ್ಟಿಗೆ ಹಾಕು.”

*

ಬಹಳ ಹಿಂದೆ, ಕಟಿಯಾರರ ತಲೆಗೂದಲು ಇನ್ನೂ ಕಪ್ಪಗಿದ್ದಾಗ, ಇದೇ ಕುರ್ಚಿ ಖಾಲಿಯಾಗಿತ್ತು. ಅವರೂ ಉರ್ದುವಿನ ಅಖ್ತರ್ ರಿಜ್ವಿಯೂ ಒಂದೇ ದಿನ ಸೇರಿದವರು. ಇಬ್ಬರೂ ಜುಲೈ ಒಂದರವರೇ. ಕಾಲೇಜು ಎರಡು ಗುಂಪಾಯಿತು. ಕಟಿಯಾರರ ಕಡೆ ಜನ ಹೆಚ್ಚು, ಯಾಕೆ ಹೆಚ್ಚು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಕಟಿಯಾರ್ ಊರಿಗೆ ಹೋಗಿ ತಾಯಿಯನ್ನು ಕೇಳಿದರು. ಮರುದಿನ ಚಹಾದಂಗಡಿಯ ಬೆಂಚಿನ ಮೇಲೆ ರಿಜ್ವಿಯ ಪಕ್ಕ ಕೂತು ತಾವಾಗಿಯೇ ಹೇಳಿಬಿಟ್ಟರು: “ಚಳಿಗೆ ಬಟಾಣಿ ಹೊಲವೆಲ್ಲ ಸುಟ್ಟುಹೋದ ವಾರ ಹುಟ್ಟಿದ್ದಂತೆ ನಾನು. ನೀನು?”

ರಿಜ್ವಿ ಹುಟ್ಟಿದ್ದು ಅದೇ ಚಳಿಗಾಲದ ಮೊದಲಿಗೆ, ಕಬ್ಬಿನ ಗಾಣ ಶುರುವಾದ ದಿನ. ಅಂದರೆ ಎರಡು ತಿಂಗಳು ಹಿರಿಯ. ಹನ್ನೊಂದು ವರ್ಷ ಅವನೇ ಪ್ರಿನ್ಸಿಪಾಲನಾಗಿ ಕೂತ.

“ಯಾರಿಗೆ ಗೊತ್ತಾಗ್ತಿತ್ತು?” ಎಂದು ರಾಮದುಲಾರಿ ಆ ರಾತ್ರಿ ಪಾತ್ರೆ ಕುಕ್ಕಿದಳು. “ನಿಮ್ಮಮ್ಮನಿಗೆ ಗೊತ್ತು, ನಿಮಗೆ ಗೊತ್ತು. ನಾನೇನು ಊರಿಗೆಲ್ಲ ಸಾರ್ತಿದ್ನಾ? ನನಗೂ ಆ ಬಂಗಲೇಲಿ ತೋಟ ಮಾಡೋ ಆಸೆ ಇರ್ಲಿಲ್ವಾ?”

ಕಟಿಯಾರ್ ಊಟ ಮಾಡುತ್ತಲೇ ಇದ್ದರು. “ತೋಟ ಇಲ್ಲೇ ಮಾಡೋಣ,” ಎಂದರು. ಬಾಡಿಗೆ ಮನೆಯ ಅಂಗಳದಲ್ಲಿ ಒಂದು ಬೇವಿನ ಗಿಡ ನೆಟ್ಟರು. ಹೆಂಡತಿಗೆ ಅದು ಸಾಲಲಿಲ್ಲ, ಯಾರಿಗೆ ಸಾಲುತ್ತದೆ! ಆ ಮಾತು ಆ ಮನೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಪ್ರತಿ ಜುಲೈ ಒಂದಕ್ಕೆ ರಿಜ್ವಿ ದಸಹರಿ ಮಾವಿನ ಬುಟ್ಟಿ ಹಿಡಿದು ಬಂದು ಬಾಗಿಲಲ್ಲೇ “ಲೋ ಜೂನಿಯರ್!” ಎಂದು ಕೂಗುತ್ತಿದ್ದ. ರಾಮದುಲಾರಿ ಮಾವು ತೆಗೆದುಕೊಳ್ಳುತ್ತಿದ್ದಳು, ಮಾತಾಡುತ್ತಿರಲಿಲ್ಲ.

*

ಘಾಟಿನಲ್ಲಿ ನೀರು ದೂರ ಸರಿದಿತ್ತು. ಮರಳು ಚಪ್ಪಲಿಯ ಒಳಗೂ ಸುಡುತ್ತಿತ್ತು. ಬ್ರಿಜೇಶ್ ಚಿತೆಗೆ ಬೆಂಕಿ ಇಟ್ಟಾಗಿತ್ತು. ನಿರ್ಮಲಾರನ್ನು ಕಂಡು ಒಂದಿಬ್ಬರು ಗೊಣಗಿದರು, ಬ್ರಿಜೇಶ್ “ದೊಡ್ಡಮ್ಮನ ಅಪ್ಪಣೆ” ಎಂದದ್ದೇ ಸುಮ್ಮನಾದರು.

ಕೊನೆಗೆ ಎಲ್ಲರೂ ಒಂದೊಂದು ಹಿಡಿ ಕಟ್ಟಿಗೆ ಚೂರು ಚಿತೆಗೆ ಹಾಕಿ ಹೊರಡಬೇಕು. ಉಳಿದ ಜನ ಇದನ್ನು ಗುಂಪಾಗಿ ಮಾಡುತ್ತಾರೆ. ನಮ್ಮ ಕಾಲೇಜಿನವರಿಗೆ ಅದು ಬರುವುದಿಲ್ಲ. ಫೋಟೋಕ್ಕೆ ನಿಂತರೂ, ಬೀಳ್ಕೊಡುಗೆಯ ಹಾರ ಹಾಕಿದರೂ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೂ ಒಂದೇ ಕ್ರಮ. ಭಟ್ನಾಗರ್ ಅಭ್ಯಾಸಬಲದಿಂದ “ಸೀನಿಯಾರಿಟಿ ಪ್ರಕಾರ ಬನ್ನಿ” ಎಂದುಬಿಟ್ಟರು. ಎಲ್ಲರೂ ತಂತಮ್ಮ ಜಾಗಕ್ಕೆ ಸರಿದು ಸಾಲಾದರು. ಭಟ್ನಾಗರರ ಹಿಂದೆ ಮಾತ್ರ ಅವಸ್ಥಿಯೂ ನಿರ್ಮಲಾರೂ ಭುಜಕ್ಕೆ ಭುಜ ತಾಗಿಸಿ ನಿಂತರು.

ಎಲ್ಲರಿಗಿಂತ ಮುಂದೆ, ಕೋಲೂರಿಕೊಂಡು, ರಿಜ್ವಿ.

“ನೋಡಿದ್ರಾ ಇವನ್ನ?” ಎಂದು ರಿಜ್ವಿ ಬೆಂಕಿಯ ಕಡೆ ಗದ್ದ ಎತ್ತಿದ. “ಬೇರೆಯವರ ಸೀನಿಯಾರಿಟಿ ಎಲ್ಲ ಸರಿ ಮಾಡ್ದ, ಕೊನೆಗೆ ತಾನೇ ಮುರಿದ. ನಾನು ಎರಡು ತಿಂಗಳು ದೊಡ್ಡವನು ಕಣಯ್ಯ, ಮೊದಲು ಹೋಗಬೇಕಾದವನು ನಾನು.” ನಗಲು ಹೋದ, ಆಗಲಿಲ್ಲ. ಕಣ್ಣು ಒರೆಸಿಕೊಂಡು ಹಿಂದೆ ತಿರುಗಿದ. “ಅವನು ತನ್ನದನ್ನ ಮೊದಲು ಹೇಳ್ದ, ಗೊತ್ತಾ ನಿಮಗೆ? ನಾನು ಇನ್ನೂ ಬಾಯಿ ಬಿಟ್ಟಿರ್ಲಿಲ್ಲ. ಚಹಾ ತಣ್ಣಗಾಗೋ ತನಕ ನಾನು ಯೋಚನೆ ಮಾಡ್ದೆ. ಅವನು ಹೇಳಿದ್ದು ಬಟಾಣಿ ಸುಟ್ಟ ವಾರ. ನನ್ನದು ಅದಕ್ಕಿಂತ ಮುಂಚೆ. ನಿಜ ಹೇಳಿದ್ರೇನೇ ಕುರ್ಚಿ ನನ್ನದು, ಆದ್ರೂ ಅವನು ನಂಬ್ತಾನೋ ಇಲ್ವೋ ಅಂತ ಭಯ. ನಂಬಿದ. ಒಂದು ಪ್ರಶ್ನೆ ಕೇಳ್ಲಿಲ್ಲ.”

ಅವನು ಚೂರುಗಳನ್ನು ಒಂದೊಂದಾಗಿ ಬೆಂಕಿಗೆ ಹಾಕಿ ಪಕ್ಕಕ್ಕೆ ಸರಿದ. ಭಟ್ನಾಗರರೂ ಹಾಕಿದರು. ಮುಂದಿನ ಜಾಗ ಖಾಲಿಯಾಯಿತು.

ಇಬ್ಬರೂ ಕದಲಲಿಲ್ಲ.

ಹಿಂದೆ ಕೆಮ್ಮು ಕೇಳಿಸಿತು. ಯಾರೋ “ಬೆಂಕಿ ಕಾಯುತ್ತಾ ಸ್ವಾಮಿ?” ಎಂದರು. ಅವಸ್ಥಿಯ ಅಂಗೈ ಬೆವರಿ ಕಟ್ಟಿಗೆ ಚೂರು ಅಂಟಿಕೊಂಡಿತ್ತು. ಒಂದು ಹೆಜ್ಜೆ ಮುಂದಿಟ್ಟರೆ ಸಾಕು. ಇಷ್ಟು ಜನರ ಎದುರು ಇಟ್ಟ ಹೆಜ್ಜೆ, ನಾಳೆ ಅದನ್ನು ಯಾರು ಹಿಂದಕ್ಕೆ ತೆಗೆಯುತ್ತಾರೆ?

“ನಾನು ಹೇಳ್ತೀನಿ,” ಎಂದರು ನಿರ್ಮಲಾ. ಸಾಲಿನ ಕೊನೆಯವರಿಗೂ ಕೇಳಿಸಿತು. “ಗಂಗೆ ಊರೊಳಗೆ ಬಂದ ರಾತ್ರಿ ಹುಟ್ಟಿದ್ದು ನಾನು. ಭಾದ್ರಪದದಲ್ಲಿ. ಅಮ್ಮ ಠಾಕೂರರ ಮಾಳಿಗೆ ಹತ್ತೋಕೆ ಹೋದ್ಲಂತೆ, ಹತ್ತಿಸ್ಲಿಲ್ಲ. ದನದ ಕೊಟ್ಟಿಗೆ ಸೂರಿನ ಮೇಲೆ ಹೆತ್ಲು. ಇದನ್ನೇ ಅಮ್ಮ ಕಟಿಯಾರ್‌ಜೀಗೆ ಹೇಳಿದ್ದು. ಇನ್ನು ನೀವು ಏನು ಬೇಕಾದ್ರೂ ಹೇಳ್ಕೊಳ್ಳಿ ಅವಸ್ಥಿಜೀ. ನಿಮ್ಮನ್ನ ಒಂದು ಪ್ರಶ್ನೆಯೂ ಕೇಳಲ್ಲ ನಾನು.”

ಅವಸ್ಥಿಗೆ ಅತ್ತೆಯ ಕೂಗು ಕಿವಿಯಲ್ಲಿ ಮೊಳಗಿತು. ಅದೇ ನೆರೆಯಲ್ಲಿ ಕೊಚ್ಚಿಹೋದ ಎಮ್ಮೆ. ಅದರ ಮುಂದಿನ ಹೋಳಿ. ಕಿವುಡಿ ಅತ್ತೆ, ಊರು ಬಿಟ್ಟು ಎಲ್ಲಿಗೂ ಹೋಗದವಳು. ಅವಳನ್ನು ಇನ್ನು ಯಾರೂ ಹೋಗಿ ಕೇಳುವುದಿಲ್ಲ. ಕೇಳಿ ಬಂದ ಒಬ್ಬನೇ ಮನುಷ್ಯ ಎದುರಿಗೆ ಉರಿಯುತ್ತಿದ್ದಾನೆ. ‘ಅದರ ಹಿಂದಿನ ಹೋಳಿ’ ಎಂದು ಒಂದು ಮಾತು ಬದಲಿಸಿದರೆ ಆಯಿತು. ಹೆಂಡತಿ ಹೊಲಿಯಲು ಕೊಟ್ಟ ಪರದೆಗಳು ನೆನಪಾದವು. ಬಾಯಿ ತೆರೆದರು.

ರಿಜ್ವಿ ಕೋಲಿನ ಮೇಲೆ ಗದ್ದವಿಟ್ಟು ಅವರನ್ನೇ ನೋಡುತ್ತಿದ್ದ. ಬಿದಿರು ಬೆಂಕಿಯಲ್ಲಿ ಸಿಡಿಯಿತು, ಬೆಳಿಗ್ಗೆ ಅವರೇ ಕಟ್ಟಲು ಹೆಣಗಿದ್ದ ಬಿದಿರು.

ಅವಸ್ಥಿ ಬಾಯಿ ಮುಚ್ಚಿದರು. ಯಾರ ಮುಖವನ್ನೂ ನೋಡದೆ, ಒಂದು ಹೆಜ್ಜೆ ಹಿಂದಕ್ಕೆ ಇಟ್ಟು ನಿರ್ಮಲಾರ ಬೆನ್ನ ಹಿಂದೆ ನಿಂತರು.

ಹಿಂದಿದ್ದ ಗಣಿತದವರ ಕಾಲನ್ನು ತುಳಿದುಬಿಟ್ಟರು. “ಅಯ್ಯೋ, ನೋಡ್ಕೊಂಡು!” ಎನ್ನುತ್ತ ಅವರು ಹಿಂದೆ ಸರಿದರು, ಅವರ ಹಿಂದಿನವರು ಅವರಿಗಾಗಿ ಸರಿದರು. ಸುಡುವ ಮರಳಿನಲ್ಲಿ ಚಪ್ಪಲಿ ಕಳಚಿಕೊಳ್ಳುತ್ತ, ಗೊಣಗುತ್ತ, ಇಡೀ ಸಾಲು ಕೊನೆಯವರ ತನಕ ಒಂದೊಂದು ಹೆಜ್ಜೆ ಹಿಂದೆ ಹೋಯಿತು. ಮುಂದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಿರ್ಮಲಾ ಒಬ್ಬರೇ ಬೆಂಕಿಯ ಕಡೆ ನಡೆಯುತ್ತಿದ್ದರು.