ಜೇಡಿಪದರದ ಕೆಳಗೆ

ಪೂರ್ವ ಜರ್ಮನಿಯ ಮಾಸ್ಟೋ ವಿಮಾನನೆಲೆಯನ್ನು ತೆರವು ಮಾಡಿದಾಗ ರಷ್ಯನ್ ಸೈನಿಕರು ಬಾಗಿಲು, ಕಿಟಕಿ, ವಿದ್ಯುತ್ ತಂತಿಗಳನ್ನಷ್ಟೇ ಅಲ್ಲ, ಪಾಯಖಾನೆಯ ಪಿಂಗಾಣಿಯನ್ನೂ ಕಿತ್ತು ರೈಲಿಗೆ ಹೇರಿಕೊಂಡು ಹೋದರು. ಬಿಟ್ಟುಹೋದದ್ದು ಒಂದನ್ನೇ: ಎಂಜಿನ್ನುಗಳ ಜಿಡ್ಡು ತೊಳೆದು ಹ್ಯಾಂಗರಿನ ಹಿಂದಿನ ಕಂದಕಕ್ಕೆ ವರ್ಷಗಟ್ಟಲೆ ಚೆಲ್ಲಿದ ದ್ರಾವಕ. ನೀರಿಗಿಂತ ಭಾರವಾದ ಆ ವಿಷವು ಮರಳಿನೊಳಗೆ ಇಳಿಯುತ್ತ ಇಳಿಯುತ್ತ, ಜೇಡಿಮಣ್ಣಿನ ದಪ್ಪ ಪದರವೊಂದರ ಮೇಲೆ, ಬಟ್ಟಲಿನಲ್ಲಿ ನಿಂತ ಹಾಗೆ ನಿಂತಿತ್ತು. ಪದರದ ಕೆಳಗಿನ ನೀರು ಶುದ್ಧ. ಬೇಲಿಯಾಚೆಯ ಕ್ಲೈನ್ ಮಾಸ್ಟೋ ಹಳ್ಳಿಯವರು ಕುಡಿಯುತ್ತಿದ್ದುದು ಆ ನೀರನ್ನೇ.

ಡಾಕ್ಟರ್ ರೋಸ್ವಿತಾ ಲೆಂಬ್ಕೆ ಆ ಬೇಸಿಗೆಯಲ್ಲಿ ಅಲ್ಲಿಗೆ ಬಂದದ್ದು ಹಳ್ಳಿಯನ್ನು ಉಳಿಸುವುದಕ್ಕಲ್ಲ, ತನ್ನ ಸಲಾಕೆಯನ್ನು ಉಳಿಸಿಕೊಳ್ಳುವುದಕ್ಕೆ. ಎರಡು ಜರ್ಮನಿಗಳು ಒಂದಾದ ಮರುವರ್ಷವೇ ಪೂರ್ವದ ಅವಳ ಸಂಶೋಧನಾಲಯಕ್ಕೆ ಬೀಗ ಬಿದ್ದಿತ್ತು. ಸಹೋದ್ಯೋಗಿಗಳಲ್ಲಿ ಒಬ್ಬ ವಿಮೆ ಮಾರುತ್ತಿದ್ದ, ಇನ್ನೊಬ್ಬ ಕುಡಿದು ಸತ್ತಿದ್ದ. ಅವಳಿಗೆ ಉಳಿದದ್ದು ಅಲ್ಲಿ ತಾನು ರೂಪಿಸಿದ್ದ ಆ ಕಬ್ಬಿಣದ ಸಲಾಕೆ ಮಾತ್ರ. ಲಾರಿಯ ಭಾರದಿಂದ ಅದನ್ನು ನೆಲಕ್ಕೆ ಒತ್ತಿ ಇಳಿಸಿದರೆ, ಅದರ ಬಿಸಿಯಾದ ತುದಿ ಸುತ್ತಲಿನ ವಿಷವನ್ನು ಆವಿ ಮಾಡಿ, ಕೂದಲೆಳೆಯಂಥ ಕೊಳವೆಯೊಂದರ ಮೂಲಕ ಮೇಲಕ್ಕೆಳೆದು, ಲಾರಿಯೊಳಗಿನ ಯಂತ್ರಕ್ಕೆ ಒಪ್ಪಿಸುತ್ತಿತ್ತು. ಯಾವ ಆಳದಲ್ಲಿ ವಿಷವಿದೆ, ಯಾವ ಆಳದಲ್ಲಿಲ್ಲ ಎಂಬುದು ನಿಂತ ನಿಲುವಿನಲ್ಲೇ ತೆರೆಯ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಬಾವಿ ಕೊರೆದು, ನೀರು ತೆಗೆದು, ಪ್ರಯೋಗಾಲಯಕ್ಕೆ ಕಳಿಸಿ ವಾರಗಟ್ಟಲೆ ಕಾಯುವ ಹಳೆಯ ಪದ್ಧತಿಗೆ ಇದು ಸಾವಿನ ಓಲೆಯಾಗಿತ್ತು.

ಆದರೆ ಮೊದಲು ಪರೀಕ್ಷೆಯಲ್ಲಿ ಗೆಲ್ಲಬೇಕಿತ್ತು. ಸಲಾಕೆ ಹೇಳಿದ್ದನ್ನು, ಕೆಲವು ವಾರಗಳ ನಂತರ ಅದೇ ಜಾಗದಲ್ಲಿ ಬಾವಿ ಕೊರೆದು ತೆಗೆದ ನೀರಿನೊಂದಿಗೆ ತಾಳೆ ನೋಡುವುದು. ಹೊಂದಿದರೆ ಸೇನೆ ಬಿಟ್ಟುಹೋದ ಪೂರ್ವದ ನೆಲೆಗಳ ಪರೀಕ್ಷೆಯೆಲ್ಲ ಅವಳ ಪಾಲು, ಹೊಂದದಿದ್ದರೆ ಸಲಾಕೆ ಗುಜರಿಗೆ. ತೀರ್ಪುಗಾರನಾಗಿ ಪಶ್ಚಿಮದಿಂದ ಬಂದಿದ್ದವನು ಡಾಕ್ಟರ್ ಫೋಲ್ಕರ್ಟ್ ಎಗ್ಗರ್ಸ್. ಅವನ ನಗು ಸದಾ ಒಂದು ತುಟಿಯಂಚಿನಲ್ಲೇ ನಿಲ್ಲುತ್ತಿತ್ತು.

"ಫ್ರಾವ್ ಡಾಕ್ಟರ್, ನಿಮ್ಮ ಕಡೆಯವರು ಮಾಡಿದ ಕಾರುಗಳನ್ನ ನೋಡಿದೀನಿ," ಎಂದಿದ್ದ ಮೊದಲ ದಿನವೇ. "ಸಲಾಕೆ ಅದಕ್ಕಿಂತ ಸ್ವಲ್ಪ ವಾಸಿ ಇರುತ್ತೆ ಅನ್ಕೋತೀನಿ."

"ನಮ್ಮ ಕಾರು ತಳ್ಳಿದ್ರಾದ್ರೂ ಹೋಗುತ್ತೆ, ಸ್ವಾಮಿ," ಎಂದು ಅವಳ ಬದಲಿಗೆ ಉತ್ತರಿಸಿದವನು ಲೋಥರ್ ಪಾಗೆಲ್. "ನಿಮ್ಮ ಕಡೆ ಸಾಹೇಬ್ರುಗಳನ್ನ ತಳ್ಳಿದ್ರೂ ಅಲ್ಲಾಡಲ್ಲ."

ಲೋಥರ್ ಕ್ಲೈನ್ ಮಾಸ್ಟೋದವನು. ಸಾಮೂಹಿಕ ಬೇಸಾಯದ ಕಾಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದು, ಅದು ಮುಳುಗಿದ ಮೇಲೆ ಕೆಲಸವಿಲ್ಲದೆ ಕೂತಿದ್ದ. ಸಲಾಕೆ ಚುಚ್ಚಿದ ರಂಧ್ರಗಳನ್ನು ಮುಚ್ಚುವ ಕೆಲಸವನ್ನು, ಊರಿನವರಿಗೆ ನಾಲ್ಕು ಕಾಸು ಸಿಗಲೆಂದು, ಗ್ರಾಮಸಭೆಯೇ ವಹಿಸಿಕೊಂಡು ಲೋಥರನನ್ನು ಅದಕ್ಕೆ ನೇಮಿಸಿತ್ತು. ಕೆಲಸದ ಕ್ರಮವನ್ನು ರೋಸ್ವಿತಾ ಅವನಿಗೆ ಕೈಹಿಡಿದು ಕಲಿಸಿದ್ದಳು. ಸಲಾಕೆಯನ್ನು ಮೇಲಕ್ಕೆಳೆಯುವಾಗಲೇ, ಅದರ ಹಿಂದೆಯೇ, ತಳದಿಂದ ಮೇಲಕ್ಕೆ ಜೇಡಿಮಣ್ಣಿನ ಗಂಜಿಯನ್ನು ಪಂಪಿನಿಂದ ತುಂಬುತ್ತ ಬರಬೇಕು. ಇಲ್ಲದಿದ್ದರೆ ಜೇಡಿಪದರದಲ್ಲಿ ತೂತು ಉಳಿಯುತ್ತದೆ. ಬಟ್ಟಲಿನಲ್ಲಿ ನಿಂತ ವಿಷ ಆ ತೂತಿನಿಂದ ಕೆಳಗಿಳಿಯುತ್ತದೆ. ಎರಡನೆಯ ವಾರದಲ್ಲಿ ಲೋಥರನ ಮನೆಯಂಗಳದಲ್ಲಿ, ಅವನ ಹೆಂಡತಿ ಇಲ್ಸೆ ಹುರಿದ ಹೆರಿಂಗ್ ಮೀನು ತಿನ್ನುತ್ತ, ಮೂವರೂ ತೋಳಿಗೆ ತೋಳು ಹೆಣೆದು ಧಾನ್ಯದ ಬ್ರಾಂದಿ ಕುಡಿದು, 'ನೀವು' ಬಿಟ್ಟು 'ನೀನು' ಎನ್ನುವ ಸ್ನೇಹಕ್ಕೆ ಬಂದಿದ್ದರು. ಅಂದಿನಿಂದ ಅವನ ಬಾಯಲ್ಲಿ ಅವಳು ಬರಿಯ ರೋಸಿ.

ಪ್ರದರ್ಶನದ ದಿನ ರಾಜಧಾನಿಯಿಂದ ಬಸ್ಸಿನ ತುಂಬ ಅಧಿಕಾರಿಗಳು ಬಂದಿಳಿದರು. ಅವರಿಗೆ ಬೇಕಾಗಿದ್ದದ್ದು ವೇಗ. ಮೊದಲ ಜಾಗದಲ್ಲಿ ಸಲಾಕೆ ಇಳಿಯಿತು. ತೆರೆಯ ಮೇಲಿನ ಗೆರೆ ಜೇಡಿಪದರದ ಮೇಲೆ ಕುದುರೆಯಂತೆ ನೆಗೆದು, ಪದರ ದಾಟಿದ್ದೇ ಸತ್ತಂತೆ ಮಲಗಿತು. ಕೆಳಗೆ ವಿಷವಿಲ್ಲ. ಚಪ್ಪಾಳೆ ಬಿತ್ತು. ಅನಂತರ ಸಲಾಕೆಯನ್ನು ಮೇಲಕ್ಕೆಳೆಯತೊಡಗಿದಾಗ ಲೋಥರ್ ಪಂಪು ಹಚ್ಚಿದ. ಗಂಜಿ ಗುಳುಗುಳು ಸದ್ದು ಮಾಡುತ್ತ ನಿಧಾನವಾಗಿ ಇಳಿಯತೊಡಗಿತು. ಅತಿಥಿಗಳು ಗಡಿಯಾರ ನೋಡಿಕೊಂಡರು. ಒಬ್ಬಾಕೆ ಆಕಳಿಸಿದಳು.

ಎಗ್ಗರ್ಸ್ ಸಾಸೇಜು ಕಚ್ಚುತ್ತ ಹತ್ತಿರ ಬಂದ. "ಚುಚ್ಚೋದಕ್ಕಿಂತ ಮುಚ್ಚೋದಕ್ಕೇ ಜಾಸ್ತಿ ಹೊತ್ತು ಹಿಡೀತಿದೆಯಲ್ಲ, ಫ್ರಾವ್ ಡಾಕ್ಟರ್? ಮಿಂಚಿನ ವೇಗ ಅಂತ ಆಮಂತ್ರಣದಲ್ಲಿ ಬರೆಸಿದ್ರಿ."

ರೋಸ್ವಿತಾಳ ಕುತ್ತಿಗೆ ಕೆಂಪೇರಿತು. ಅವಳು ಲೋಥರನ ಬಳಿ ಹೋಗಿ ಪಂಪಿನ ಗುಂಡಿ ಒತ್ತಿ ನಿಲ್ಲಿಸಿದಳು.

"ಲಾರಿ ಮುಂದಿನ ಜಾಗಕ್ಕೆ ಹೋಗಲಿ. ತೂತುಗಳನ್ನೆಲ್ಲ ಆಮೇಲೆ ಮುಚ್ಚು."

"ಆಮೇಲಾ? ಸಲಾಕೆ ಹಿಂದೇನೇ ತುಂಬ್ಬೇಕು ಅಂತ ನೀನೇ ಅಲ್ವಾ ನನ್ನ ತಲೆ ತಿಂದಿದ್ದು?"

"ಇವತ್ತೊಂದು ದಿನ. ಇವರೆಲ್ಲ ಹೋದ ಮೇಲೆ ಮೇಲಿಂದ ಸುರಿದ್ರೆ ಸಾಕು."

"ನೀನು ಡಾಕ್ಟ್ರು, ನಾನು ಗಂಜಿ ಬಡಿಸೋನು," ಎಂದು ನಕ್ಕು ಲೋಥರ್ ಟೊಪ್ಪಿಗೆ ಸರಿಪಡಿಸಿಕೊಂಡ. ಎಗ್ಗರ್ಸ್ ಎರಡು ಹೆಜ್ಜೆ ದೂರದಲ್ಲಿ ನಿಂತು ಬೆರಳಿಗಂಟಿದ ಸಾಸಿವೆಯನ್ನು ನೆಕ್ಕಿಕೊಳ್ಳುತ್ತಿದ್ದ. ಎಲ್ಲವೂ ಅವನ ಕಿವಿಗೆ ಬಿದ್ದಿತ್ತು.

ಸಲಾಕೆ ಅಂದು ಮೈದಾನದ ತುಂಬ ಓಡಾಡಿತು. ಎಲ್ಲ ಕಡೆಯೂ ಅದು ನುಡಿದದ್ದು ಒಂದೇ: ಪದರದ ಮೇಲೆ ವಿಷ, ಕೆಳಗೆ ಶುದ್ಧ. ಬಸ್ಸು ಹೊರಟ ಮೇಲೆ ಲೋಥರ್ ಬಕೆಟ್ಟು ಹಿಡಿದು ರಂಧ್ರದಿಂದ ರಂಧ್ರಕ್ಕೆ ನಡೆದ. ಸ್ವಲ್ಪ ಹೊತ್ತಿನಲ್ಲೇ ಹಿಂತಿರುಗಿ ಬಂದ.

"ರೋಸಿ, ಒಂದೊಂದು ಬಕೆಟ್ಟಿಗೇ ಬಾಯಿವರೆಗೆ ತುಂಬಿ ನಿಲ್ತಿವೆ. ಬೆಳಗ್ಗಿನ ತೂತು ಎಷ್ಟು ಕುಡೀತು! ಇವು ಯಾಕೋ ಉಪವಾಸ ಮಾಡ್ತಿವೆ."

ರೋಸ್ವಿತಾಳಿಗೆ ಕಾರಣ ಗೊತ್ತಿತ್ತು. ನಡುವಿನಲ್ಲಿ ಮರಳು ಕುಸಿದು ಬಿರಡೆಯಂತೆ ಕೂತಿದೆ. ಗಂಜಿ ಅದರ ಮೇಲೆಯೇ ನಿಂತಿದೆ. ಕೆಳಗೆ, ಜೇಡಿಪದರದಲ್ಲಿ, ತೂತು ತೆರೆದೇ ಇದೆ. ಸಲಾಕೆಯನ್ನು ಮತ್ತೆ ಅದೇ ದಾರಿಯಲ್ಲಿ ಇಳಿಸಿ ತಳದಿಂದ ತುಂಬುತ್ತ ಬರುವುದೊಂದೇ ಮದ್ದು. ಆದರೆ ಲಾರಿಯನ್ನು ಬಾಡಿಗೆಗೆ ಕೊಟ್ಟವರು ಆಗಲೇ ಬಂದು ಕೀಲಿ ಕೇಳುತ್ತಿದ್ದರು. ಪಟ್ಟಣದ ಹೋಟೆಲಿನಲ್ಲಿ ಅಧಿಕಾರಿಗಳು ಅವಳಿಗಾಗಿ ಊಟಕ್ಕೆ ಕಾಯುತ್ತಿದ್ದರು.

"ತುಂಬಿದೆ ಅಂದ್ರೆ ತುಂಬಿದೆ. ಮನೆಗೆ ಹೋಗು, ಲೋಥರ್," ಎಂದಳು.

ಆಗಸ್ಟ್ ಮುಗಿಯುವ ಹೊತ್ತಿಗೆ ಎಗ್ಗರ್ಸ್ ದೂರವಾಣಿ ಮಾಡಿದ. ಅವನ ದನಿಯಲ್ಲಿ ಮರುಕವನ್ನು ಬಲವಂತವಾಗಿ ತುರುಕಿದಂತಿತ್ತು.

"ಪರೀಕ್ಷೆಗೆ ಕೊರೆದ ಬಾವಿಗಳ ನೀರಿನ ಫಲಿತಾಂಶ ಬಂತು, ಫ್ರಾವ್ ಡಾಕ್ಟರ್. ಜೇಡಿಪದರದ ಕೆಳಗೂ ವಿಷ ಇದೆ. ನೀವು ಶುದ್ಧ ಅಂದ ಕಡೆಯೆಲ್ಲ ಇದೆ. ನಿಮ್ಮ ಸಲಾಕೆ ಕುರುಡು. ನನಗೆ ನಿಜವಾಗ್ಲೂ ಬೇಜಾರಾಗ್ತಿದೆ."

ರಿಸೀವರ್ ಕೆಳಗಿಡುವ ಮುನ್ನವೇ ಅವಳಿಗೆ ಎಲ್ಲವೂ ಅರ್ಥವಾಗಿತ್ತು. ಸಲಾಕೆ ಕುರುಡಾಗಿರಲಿಲ್ಲ. ಅದು ಚುಚ್ಚಿದ ದಿನ ಕೆಳಗಿನ ನೀರು ಶುದ್ಧವಾಗಿಯೇ ಇತ್ತು. ವಿಷ ಇಳಿದದ್ದು ಅದೇ ಚುಚ್ಚಿದ ತೂತುಗಳಿಂದ, ಆಮೇಲೆ. ಸುಮ್ಮನಿದ್ದರೆ, ಎಲ್ಲವನ್ನೂ ರಷ್ಯನ್ನರ ತಲೆಗೆ ಕಟ್ಟಿ ಸರ್ಕಾರ ಊರಿಗೆ ಹೊಸ ಬಾವಿ ತೋಡಿಸಿಕೊಡುತ್ತದೆ. ಯಾರಿಗೂ ಕಳಂಕವಿಲ್ಲ, ಸಲಾಕೆಯೊಂದು ಸಾಯುತ್ತದೆ ಅಷ್ಟೆ. ನಿಜ ನುಡಿದರೆ ಸಲಾಕೆ ಬದುಕುತ್ತದೆ. ಆದರೆ ಪಂಪು ನಿಲ್ಲಿಸಿದವಳು ಮುಳುಗುತ್ತಾಳೆ. ಆ ವಾರವೆಲ್ಲ ಅವಳು ಈ ಎರಡು ದಾರಿಗಳ ನಡುವೆ ಓಡಾಡಿ, ಕೊನೆಗೆ ಮೂರನೆಯದೊಂದನ್ನು ಕಂಡುಕೊಂಡಳು. ನಿಜವನ್ನೇ ಹೇಳುವುದು, ಒಂದು ಮಾತನ್ನು ಮಾತ್ರ ಬಿಟ್ಟು.

ಫಲಿತಾಂಶ ತಿಳಿಸಲು ಊರಿನ ಸಭೆ ಸೇರಿದ್ದು ಸಾಮೂಹಿಕ ಬೇಸಾಯದ ಹಳೆಯ ಊಟದ ಮನೆಯಲ್ಲಿ. ಒಳಗೆ ಹೋಗುವ ಮುನ್ನ ಎಗ್ಗರ್ಸ್ ಕಾರಿನ ಬಳಿ ನಿಂತು ಹೇಳಿದ: "ಊರಿನ ಕುಡಿಯೋ ಬಾವಿಗೆ ಇನ್ನೂ ತಲುಪಿಲ್ಲ. ನಿನ್ನೆಯ ಪರೀಕ್ಷೇಲಿ ಶುದ್ಧ ಅಂತ ಬಂತು. ಅದನ್ನ ಕೊನೇಲಿ ಹೇಳ್ತೀನಿ. ಒಳ್ಳೇ ಸುದ್ದಿ ಕೇಳಿ ಮನೆಗೆ ಹೋಗ್ಲಿ ಪಾಪ." ರೋಸ್ವಿತಾ ತಲೆದೂಗಿದಳು.

ಊರಿಗೆ ಊರೇ ಬಂದಿತ್ತು. ಅವಳು ಎದ್ದು ನಿಂತು, ಪಾಠ ಹೇಳುವಂತೆ ಸಮಾಧಾನದಿಂದ ನುಡಿದಳು. ಸಲಾಕೆ ತಪ್ಪಿಲ್ಲ. ವಿಷ ಕೆಳಗಿಳಿದದ್ದು ಸರಿಯಾಗಿ ಮುಚ್ಚದ ರಂಧ್ರಗಳಿಂದ. ತಳದಿಂದ ತುಂಬಬೇಕಾದ ಗಂಜಿಯನ್ನು ಬಕೆಟ್ಟಿನಿಂದ ಮೇಲೆ ಸುರಿಯಲಾಗಿದೆ. ಒಂದನ್ನು ಅಗೆಸಿ ನೋಡಿದ್ದೇನೆ, ಬೇಕಾದವರು ಬಂದು ನೋಡಬಹುದು.

"ಮುಚ್ಚಿದ್ದು ಯಾರು?" ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

"ಆ ಕೆಲಸ ನಿಮ್ಮ ಗ್ರಾಮಸಭೆಯದು. ಮುಚ್ಚಿದವರು ಪಾಗೆಲ್ ಅವರು. ಸರಿಯಾದ ಕ್ರಮ ಏನು ಅಂತ ನಾನು ಅವರಿಗೆ ಮೊದಲೇ ಕಲಿಸಿದ್ದೆ. ಕಲಿಸಿರಲಿಲ್ವಾ, ಪಾಗೆಲ್ ಅವರೇ?"

ಲೋಥರ್ ಮೊದಲು ನಗಲು ಹೋದ. ಇದೊಂದು ತಮಾಷೆ, ಇನ್ನೇನು ಮುಗಿಯುತ್ತದೆ ಎಂಬಂತೆ. ಅನಂತರ ಅವನ ಮುಖ ಬಿಳಿಚಿತು.

"ಕಲಿಸಿದ್ದೆ, ಹೌದು. ಆಮೇಲೆ ಬೇಡ ಅಂದವಳೂ ನೀನೇ! ನೀನೇ ಪಂಪು ನಿಲ್ಲಿಸ್ದೆ, ರೋಸಿ! ಮೇಲಿಂದ ಸುರಿ ಅಂದೆ. ಇವರೂ ಅಲ್ಲೇ ಇದ್ರು." ಅವನ ಬೆರಳು ಎಗ್ಗರ್ಸನತ್ತ ತಿರುಗಿತು. "ಹೇಳಿ ಸ್ವಾಮಿ, ಕೇಳಿಸ್ಕೊಂಡ್ರಲ್ವಾ?"

ಎಗ್ಗರ್ಸನ ತುಟಿಯಂಚಿಗೆ ಎಂದಿನ ನಗು ಬಂತು. ಕೇಳಿಸಿಕೊಂಡೂ ತಡೆಯದ ತೀರ್ಪುಗಾರನ ಗತಿ ಏನೆಂಬುದು ಅವನಿಗೆ ಗೊತ್ತಿತ್ತು.

"ಅವತ್ತು ನಾನು ಸಾಸೇಜು ತಿಂತಿದ್ದೆ, ಪಾಗೆಲ್ ಅವರೇ. ರುಚಿಯಾಗಿತ್ತು. ಬೇರೇನೂ ನೆನಪಿಲ್ಲ."

ಯಾರೋ ನಕ್ಕರು. ಆ ನಗುವೇ ಲೋಥರನನ್ನು ಕೆರಳಿಸಿತು. ಅವನು ಅಡುಗೆಮನೆಯ ನಲ್ಲಿಗೆ ಹೋಗಿ, ಗಾಜಿನ ಲೋಟವೊಂದರ ತುಂಬ ನೀರು ಹಿಡಿದು ತಂದು ಅವಳ ಮುಂದೆ ಮೇಜಿನ ಮೇಲೆ ಕುಕ್ಕಿದ. ನೀರು ತುಳುಕಿತು.

"ನೀನು ಹೇಳಿದ್ದು ನಿಜ ಆದ್ರೆ ಕುಡಿ ಇದನ್ನ. ನಾವು ಕುಡಿಯೋ ನೀರು. ಎಲ್ರ ಮುಂದೆ ಕುಡಿ. ಸುಳ್ಳು ಹೇಳಿದವಳ ಕೈಲಿ ಇದು ಆಗೋ ಕೆಲ್ಸ ಅಲ್ಲ."

ಅಪರಾಧಿಯು ತಾನೇ ಬೆರೆಸಿದ ವಿಷಕ್ಕೆ ಹೆದರುತ್ತಾಳೆಂದು ಲೋಥರ್ ನಂಬಿದ್ದ. ಊರೂ ಅವನ ಜೊತೆಗೇ ನಂಬಿತ್ತು. ಅವನು ಓದಿದವನಲ್ಲ, ಆದರೆ ಮನುಷ್ಯರನ್ನು ಬಲ್ಲೆನೆಂದುಕೊಂಡಿದ್ದ. ನೀರಿನ ಪರೀಕ್ಷೆಯ ಸಂಗತಿ ಮಾತ್ರ ಅವನಿಗೆ ಗೊತ್ತಿರಲಿಲ್ಲ.

ರೋಸ್ವಿತಾ ಎಗ್ಗರ್ಸನ ಕಡೆ ನೋಡಿದಳು. ಅವನು ತುಟಿ ಬಿಚ್ಚಲಿಲ್ಲ. ಅವಳು ಲೋಟವನ್ನೆತ್ತಿ, ಅವಸರವಿಲ್ಲದೆ, ತಳದವರೆಗೂ ಕುಡಿದಳು. ನೀರು ತಣ್ಣಗಿತ್ತು, ತುಸು ಕಬ್ಬಿಣದ ರುಚಿಯಿತ್ತು. ಕರವಸ್ತ್ರದಿಂದ ತುಟಿ ಒರೆಸಿಕೊಂಡು ಲೋಟವನ್ನು ಮೆಲ್ಲಗೆ ಅವನ ಕಡೆಗೆ ಸರಿಸಿದಳು.

"ಇನ್ನೇನಾದ್ರೂ ಇದೆಯಾ, ಪಾಗೆಲ್ ಅವರೇ?"

ಊರು ತನ್ನ ಎದುರಿಗಿದ್ದ ಹೆಂಗಸನ್ನು ನೋಡಿತು; ಆಮೇಲೆ ತನ್ನವನಾದ ಗಂಡಸನ್ನು ನೋಡಿತು. ಆ ಎರಡು ನೋಟಗಳ ನಡುವೆ ಲೋಥರನ ಐವತ್ತು ವರ್ಷದ ಬದುಕು ಕೈಜಾರಿ ಹೋಯಿತು.

"ಸೋಮಾರಿ ನನ್ಮಗ," ಎಂದಿತು ಬೆಂಚಿನಿಂದ ಒಂದು ದನಿ. "ಟ್ರ್ಯಾಕ್ಟರ್ ಓಡಿಸುವಾಗ್ಲೂ ಹೀಗೇನೆ. ಅರ್ಧ ಉತ್ತು ಮರದಡಿ ಮಲಗ್ತಿದ್ದ."

"ನನ್ನ ಮೊಮ್ಮಗಳಿಗೆ ಹಾಲು ಕಲಸೋದು ಈ ನೀರಲ್ಲೇ ಕಣೋ, ಲೋಥರ್!"

ಲೋಥರ್ ಹೆಂಡತಿಯ ಕಡೆ ತಿರುಗಿದ. ಇಲ್ಸೆ ಅವನನ್ನೇ ನೋಡುತ್ತಿದ್ದಳು. "ಬಕೆಟ್ಟಲ್ಲಿ ಸುರ್ದಿದ್ದು ನಿಜಾನಾ?" ಎಂದು ಮೆಲ್ಲಗೆ ಕೇಳಿದಳು. ನಿಜವೇ. ಅವನು ಹೌದೆಂದು ತಲೆಯಾಡಿಸಿದ. ಅವನ ಕೈಯಲ್ಲಿದ್ದದ್ದು ಆ ಒಂದು ನಿಜ ಮಾತ್ರ, ಉಳಿದದ್ದಕ್ಕೆ ಸಾಕ್ಷಿಯಿರಲಿಲ್ಲ. ಟೊಪ್ಪಿಗೆಯನ್ನು ಬೆಂಚಿನ ಮೇಲೆಯೇ ಬಿಟ್ಟು ಹೊರಗೆ ನಡೆದ. ಯಾರೂ ದಾರಿಗಡ್ಡ ಬರಲಿಲ್ಲ, ಯಾರೂ ಕರೆಯಲೂ ಇಲ್ಲ.

ಆಗ ಎಗ್ಗರ್ಸ್ ಗಂಟಲು ಸರಿಮಾಡಿಕೊಂಡು ಒಳ್ಳೆಯ ಸುದ್ದಿ ತಿಳಿಸಿದ: ಬಾವಿ ಸದ್ಯಕ್ಕೆ ಶುದ್ಧವಾಗಿದೆ, ಸಲಾಕೆಯ ಮಾತಿಗೂ ನೀರಿಗೂ ಇದ್ದ ವ್ಯತ್ಯಾಸಕ್ಕೆ ತೃಪ್ತಿಕರವಾದ ಕಾರಣ ಸಿಕ್ಕಿದೆ, ಪರೀಕ್ಷೆ ಯಶಸ್ವಿಯಾಗಿದೆ. ಕೂತವರಲ್ಲಿ ಒಬ್ಬರೂ ಅವಳು ಕುಡಿದ ಲೋಟವನ್ನು ಈ ಸುದ್ದಿಯ ಪಕ್ಕದಲ್ಲಿಟ್ಟು ನೋಡಲಿಲ್ಲ. ಅವರು ಬಾವಿಯನ್ನೇ ನೆನೆಯುತ್ತಿದ್ದರು.

ಜನ ಏಳುತ್ತಿದ್ದಾಗ ಇಲ್ಸೆ ಮೇಜಿನ ಬಳಿ ಬಂದಳು. ಗಂಡನ ಟೊಪ್ಪಿಗೆ ಅವಳ ಕೈಯಲ್ಲಿರಲಿಲ್ಲ.

"ಫ್ರಾವ್ ಡಾಕ್ಟರ್," ಎಂದಳು. ಹೆಸರು ಹಿಡಿದು ಕರೆಯುವ ಧೈರ್ಯ ಅವಳಿಗೆ ಉಳಿದಿರಲಿಲ್ಲ. "ನಮ್ಮ ಬಾವಿಗೆ ಆ ವಿಷ ಯಾವಾಗ ಬರುತ್ತೆ? ಅಷ್ಟಾದ್ರೂ ಹೇಳೋಕಾಗುತ್ತಾ ನಿಮಗೆ?"

ರೋಸ್ವಿತಾ ಆ ಸಂಜೆ ಮೊದಲ ಬಾರಿಗೆ ಮನಸಾರೆ ಮುಗುಳ್ನಕ್ಕಳು. ಅದು ಅವಳಿಗೆ ನಿಜಕ್ಕೂ ಇಷ್ಟವಾದ ಪ್ರಶ್ನೆಯಾಗಿತ್ತು.

"ಖಂಡಿತ ಹೇಳಬಹುದು," ಎಂದಳು. "ಅದಕ್ಕೆ ಇಲ್ಲಿಂದ ನಿಮ್ಮ ಬಾವಿವರೆಗೆ ಇನ್ನೂ ಒಂದಷ್ಟು ಕಡೆ ಚುಚ್ಚಿ ನೋಡ್ಬೇಕಾಗುತ್ತೆ."

ಇಲ್ಸೆ ಅವಳ ಎರಡೂ ಕೈಗಳನ್ನು ಹಿಡಿದುಕೊಂಡು, ಬೇಗ ಬನ್ನಿ ಎಂದು ಬೇಡಿಕೊಂಡಳು.