ಬ್ಯೂಟಿಫುಲ್ ಎಕ್ಸಾಂಪಲ್

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಪ್ರೊಟೀನಿನಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ಯಳಂದೂರಿನ ಆಚೆಯ ಕಾಡು, ಮಂಜು, ಜೇನು ಎಂದು ಶುರು ಮಾಡಿದರೆ ಕಥೆಯ ನಾಯಕಿ ಮೀನಾ ಎದ್ದು ಹೋಗುತ್ತಾಳೆ. ಮೊದಲ ಡ್ರಾಫ್ಟಿನಲ್ಲಿ ಆಗಿದ್ದೇ ಅದು.

"ಜೇನು ಯಾಕ್ ಸಾ? ಸೋಲಿಗರ ಹುಡ್ಗಿ ಅಂದೇಟ್ಗೆ ಜೇನು ಕೀಳಿಸ್ಬುಡೋದಾ? ನಾನಿರೋದು ಕೊಳ್ಳೇಗಾಲದ ಹಾಸ್ಟೆಲಲ್ಲಿ. ಬಿಎಸ್ಸಿ ಎರಡ್ನೇ ವರ್ಷ. ಅದ ಬರೀರಿ."

ಬರೆದಿದ್ದೇನೆ. ಡ್ರಾಫ್ಟನ್ನು ಹರಿದೂ ಹಾಕಿದ್ದೇನೆ.

೧

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹಾಸ್ಟೆಲಿನಲ್ಲಿ ಬಿಸಿನೀರು ಬರಲಿಲ್ಲ. ಚಳಿಯಲ್ಲಿ ತಣ್ಣೀರು ಹುಯ್ದುಕೊಂಡು ಬಂದ ಮೀನಾಳಿಗೆ ತೊಡೆಯ ಮೂಳೆಯೊಳಗೆ ನೋವು ಹತ್ತಿಕೊಂಡಿತು. ಚಿಕ್ಕಂದಿನಿಂದ ಪರಿಚಯವಿದ್ದ ನೋವು. ತಲೆ ಬಾಚುವಷ್ಟರಲ್ಲಿ ಬೆನ್ನಿಗೇರಿತು. ವಾರ್ಡನ್ ಶಿವರತ್ನಮ್ಮ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು.

(ಈಗ ಪ್ರೊಟೀನು. ತಪ್ಪಿಸಿಕೊಳ್ಳಬೇಡಿ, ಬೇಗ ಮುಗಿಸುತ್ತೇನೆ. ರಕ್ತದಲ್ಲಿ ಉಸಿರು ಹೊರುವ ಹಿಮೋಗ್ಲೋಬಿನ್ ಒಂದು ಪ್ರೊಟೀನು; ಮಣಿಸರವನ್ನು ಮುದುರಿ ಉಂಡೆ ಮಾಡಿದ ಹಾಗಿರುತ್ತದೆ. ಆಮ್ಲಜನಕವನ್ನು ಹಿಡಿದುಕೊಳ್ಳುವುದು, ಬೇಕಾದಲ್ಲಿ ಬಿಟ್ಟುಕೊಡುವುದು ಅದರ ಕೆಲಸ. ಮೀನಾಳ ಸರದಲ್ಲಿ ಒಂದು ಮಣಿ ಬೇರೆಯದು. ಅಷ್ಟಕ್ಕೇ ಉಂಡೆಯ ಮೈಮೇಲೆ ಒಂದು ಅಂಟು ಜಾಗ ಹುಟ್ಟಿದೆ. ಉಸಿರು ಬಿಟ್ಟುಕೊಟ್ಟೊಡನೆ ಪಕ್ಕದ ಉಂಡೆಯ ಆಕಾರ ಬದಲಾಗಿ ಅಲ್ಲೊಂದು ತಗ್ಗು ತೆರೆಯುತ್ತದೆ, ಈ ಅಂಟು ಅದರಲ್ಲಿ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಒಂದಕ್ಕೊಂದು ಕಚ್ಚಿಕೊಂಡು ಸರಳಿನಂತಾಗಿ, ಕೆಂಪು ಕಣವನ್ನೇ ಕುಡುಗೋಲಿನ ಹಾಗೆ ಬಗ್ಗಿಸುತ್ತವೆ. ಬಗ್ಗಿದ ಕಣ ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ರಕ್ತ ನಿಲ್ಲುತ್ತದೆ. ಆಚೆ ಮೂಳೆ ಉಸಿರಿಲ್ಲದೆ ಕಿರುಚುತ್ತದೆ. ಸಿಕಲ್ ಸೆಲ್ ಅನ್ನುವುದು ಇದನ್ನೇ.)

ಡಾಕ್ಟರು ಮೊದಲು ಕೇಳಿದ್ದು, "ಇವತ್ತು ಪರೀಕ್ಷೆ ಇದೆ ತಾನೆ?"

"ಅದೆ ಸಾ. ಆದ್ರೆ ನಂಗೆ ಸಿಕಲ್ ಸೆಲ್..."

"ಮೊಬೈಲ್ ನೋಡಿ ಎಲ್ಲರೂ ಡಾಕ್ಟರಾಗಿಬಿಟ್ರಿ."

"ಇಲ್ಲ ಸಾ, ಮುಂಚೇನೆ ಟೆಸ್ಟ್ ಮಾಡವ್ರೆ. ಡ್ರಿಪ್ಪು, ನೋವಿನ ಇಂಜೆಕ್ಷನ್ನು ಕೊಡ್ತಿದ್ರು."

"ಇಂಜೆಕ್ಷನ್ ಬೇಕು ಅಂತ ಬಾಯಿಬಿಟ್ಟು ಕೇಳೋರನ್ನ ತುಂಬಾ ನೋಡಿದ್ದೀನಮ್ಮ. ನಾಟಕ ಸಾಕು, ಹೊರಗೆ ಕೂತ್ಕೋ."

ಒಂದು ಮಾತ್ರೆ ಕೊಟ್ಟರು. ಶಿವರತ್ನಮ್ಮ ಬೇಡಿಕೊಂಡರು, ಜಗಳವನ್ನೂ ಆಡಿದರು. ಡಾಕ್ಟರು ಮುಂದಿನ ರೋಗಿಯನ್ನು ಕರೆದರು. ಮೀನಾ ಹೊರಗಿನ ಬೆಂಚಿನ ಮೇಲೆ ದುಪಟ್ಟಾ ಕಚ್ಚಿಕೊಂಡು ಮುದುರಿದಳು. ಅತ್ತರೆ ಅದೂ ನಾಟಕವಾಗುತ್ತದೆಂದು ಅಳಲಿಲ್ಲ. ಸುದ್ದಿ ತಿಳಿದು ಪೋಡಿನಿಂದ, ಅಂದರೆ ಕಾಡಿನ ಸೋಲಿಗರ ಹಾಡಿಯಿಂದ, ಅವಳವ್ವ ಕೇತಮ್ಮ ಬಸ್ಸು ಹತ್ತಿ ಬಂದಾಗ ಮಧ್ಯಾಹ್ನ ದಾಟಿತ್ತು. ಮಗಳ ಕಣ್ಣು ಹಳದಿಗಟ್ಟಿದ್ದು ನೋಡಿದವಳೇ ಕೇತಮ್ಮ ಒಳಕ್ಕೆ ನುಗ್ಗಿದಳು.

"ನಾಟ್ಕ ಅಂದ್ರಂತಲ್ಲ ಸಾ? ಇವಳಿಗಿಂತ ಮುಂಚೆ ಹುಟ್ಟಿದ್ ನನ್ ಮಗನೂ ಇಂಗೇ ನಾಟ್ಕ ಆಡಾಡ್ತಾ ಸತ್ತೋದ. ಇವಳ್ನೂ ಅಂಗೇ ಕಳಿಸ್ಬೇಕಾ? ಮುಟ್ ನೋಡಿ ಸಾ, ನನ್ ಮಗಳ್ನ ಮುಟ್ಟಾದ್ರೂ ನೋಡಿ!"

ಹೊರಗಿನ ಸಾಲಿನವರೆಲ್ಲ ಬಾಗಿಲಿಗೆ ಬಂದು ನಿಂತರು. ಆಮೇಲೆ ರಕ್ತ ಪರೀಕ್ಷೆಯಾಯಿತು, ಡ್ರಿಪ್ಪು ಬಂತು, ಆಂಬುಲೆನ್ಸು ಬಂತು. ಮೈಸೂರಿನಲ್ಲಿ ರಕ್ತ ಕೊಟ್ಟರು. ಮೀನಾ ಬದುಕಿದಳು. ಪರೀಕ್ಷೆ ಮಾತ್ರ ಹೋಯಿತು.

೨ (ಇಲ್ಲಿ ಅವಳು ಸಾಯುವ ಡ್ರಾಫ್ಟ್ ಇತ್ತು)

ಆಂಬುಲೆನ್ಸು, ಅವ್ವನ ಮಡಿಲು, ಕಿಟಕಿಯಲ್ಲಿ ಕಾವೇರಿ. ಬರೆಯುತ್ತ ನನಗೇ ಕಣ್ಣು ಒದ್ದೆಯಾಗಿತ್ತು.

"ನಾನ್ ಸತ್ರೆ ನಿಮ್ಗೇನ್ ಸಿಕ್ತದೆ ಸಾ?" ಎಂದಳು ಮೀನಾ. "ಓದ್ದೋರು ಅಯ್ಯೋ ಪಾಪ ಅಂತಾರೆ. ಅಯ್ಯೋ ಪಾಪ ಅಂದ್ರೆ ಕತೆ ಮುಗೀತು. ನಂಗೆ ಕ್ವಾಪ ಬಂದದೆ. ಅದ ಬರೀರಿ."

೩

ಕಾಲೇಜಿಗೆ ಮರಳಿದ ವಾರದಲ್ಲೇ ಸೆಮಿನಾರ್ ಇತ್ತು. ಹನೂರಿನಿಂದ ಓಡಾಡುವ ಬಯೋಕೆಮಿಸ್ಟ್ರಿ ಮೇಷ್ಟ್ರು ಪ್ರಭುಸ್ವಾಮಿ ಪ್ರೊಜೆಕ್ಟರ್ ಹಚ್ಚಿದರು. ಕೆಟ್ಟವರಲ್ಲ. (ಕೆಟ್ಟವರಾಗಿದ್ದರೆ ನನ್ನ ಕೆಲಸ ಸಲೀಸಾಗುತ್ತಿತ್ತು.) ತೆರೆಯ ಮೇಲೆ ಕುಡುಗೋಲು ಕಣ, ಅದರ ಪಕ್ಕದಲ್ಲಿ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಸೋಲಿಗರ ಕುಣಿತದ ಫೋಟೊ.

"ಪ್ರೊಟೀನ್ ರಚನೆಯಲ್ಲಿ ಒಂದೇ ಬದಲಾವಣೆ, ಇಡೀ ಬೈಂಡಿಂಗ್ ಬದಲು! ವಾಟ್ ಎ ಬ್ಯೂಟಿಫುಲ್ ಎಕ್ಸಾಂಪಲ್!"

ಮೀನಾ ಎದ್ದು ನಿಂತಳು.

"ಇದ್ರಲ್ಲಿ ಬ್ಯೂಟಿಫುಲ್ ಯಾವ್ದು ಸಾ?"

ಮೇಷ್ಟ್ರು ತಡವರಿಸಿದರು. "ಅದು... ಸೈನ್ಸ್ ದೃಷ್ಟಿಯಿಂದ ಹೇಳಿದೆ. ಪರ್ಸನಲ್ಲಾಗಿ ತಗೋಬೇಡಮ್ಮ."

"ನನ್ ರಕ್ತ ಸಾ. ಇನ್ನೆಂಗೆ ತಕಳ್ಳಿ?"

ಯಾರೋ ನಕ್ಕರು, ಯಾರೋ ಚಪ್ಪಾಳೆ ಹೊಡೆದರು. ಎರಡೂ ಅವಳಿಗೆ ಬೇಕಿರಲಿಲ್ಲ. ಪ್ರಭುಸ್ವಾಮಿ ಫೋಟೊ ತೆಗೆದರು, ಪಾಠ ಮುಂದುವರಿಸಿದರು. ಪರೀಕ್ಷೆಗೆ ಇನ್ನೊಂದು ಅವಕಾಶ ಕೊಡಿಸಿ ಎಂದು ಅವಳು ಕೇಳಿದ್ದಕ್ಕೆ ಮಾತ್ರ, "ರೂಲ್ಸ್ ಇಲ್ಲಮ್ಮ, ಮುಂದಿನ ವರ್ಷ ನೋಡೋಣ" ಎಂದರು.

ಅಂತ್ಯಗಳು (ಆರಿಸಿಕೊಳ್ಳಿ, ಆದರೆ ಅವಳನ್ನು ಒಂದು ಮಾತು ಕೇಳಿ)

ಮೀನಾ ಓದಿ ದೊಡ್ಡ ವಿಜ್ಞಾನಿಯಾಗುತ್ತಾಳೆ. "ಪರೀಕ್ಷೆನೇ ಬರೆಸ್ನಿಲ್ಲ, ವಿಜ್ಞಾನಿ ಎಂಗಾದೆ?"

ಡಾಕ್ಟರಿಗೆ ಪಶ್ಚಾತ್ತಾಪವಾಗಿ ಪೋಡಿಗೇ ಬಂದು ಕೈಮುಗಿಯುತ್ತಾರೆ. ಇದಕ್ಕೆ ಕೇತಮ್ಮನೇ ಮುನ್ನುಗ್ಗಿದಳು. "ಯಾವತ್ ಬಂದ್ನಪ್ಪ ಅವ್ನು? ಬರ್ದೇ ಇದ್ದೋನ್ನ ಬಂದ ಅಂತ ಬರೆಯೋಕೆ ನಿಂಗ್ ನಾಚ್ಕೆ ಆಗಲ್ವಾ?"

ನಾಚಿಕೆಯಾಯಿತು. ಅಳಿಸಿದೆ.

ನಡೆದದ್ದು ಇಷ್ಟು. ಸೆಮಿನಾರಿನ ಮುಂದಿನ ಸೋಮವಾರ ಅವ್ವ ಮಗಳು ಇಬ್ಬರೂ ಅದೇ ಆಸ್ಪತ್ರೆಗೆ ಹೋಗಿ, ಎಲ್ಲರ ಹಾಗೆ ಚೀಟಿ ಮಾಡಿಸಿ, ಸಾಲಿನಲ್ಲಿ ಕಾದರು. ಸರದಿ ಬಂತು. ಡಾಕ್ಟರು ತಲೆ ಎತ್ತದೆ "ಏನು ತೊಂದರೆ?" ಎಂದರು.

"ಇವತ್ತು ಏನೂ ಇಲ್ಲ ಸಾ," ಎಂದಳು ಮೀನಾ. "ಅವತ್ತು ನಂಗೆ ನೋವಿತ್ತು. ನಿಜವಾಗ್ಲೂ ಇತ್ತು ಅಂತ ನೀವು ಒಂದ್ ಮಾತು ಏಳ್ಬೇಕು. ಏಳೋಗಂಟ ಎದ್ದೋಗಲ್ಲ." ಹೇಳಿ ಸ್ಟೂಲಿನ ಮೇಲೆ ಕೂತಳು. ಬಾಗಿಲಿಗೆ ಅಡ್ಡವಾಗಿ ಕೇತಮ್ಮ ನಿಂತಳು.

ಡಾಕ್ಟರು ತಲೆ ಎತ್ತಿದರು.

ಅವರ ಬಾಯಿಗೆ ಒಂದು ಒಳ್ಳೆಯ ಮಾತು ಕೊಡುವುದು ನನಗೆ ಕಷ್ಟವಲ್ಲ. ಕೊಟ್ಟರೆ ನೀವೂ ನೆಮ್ಮದಿಯಾಗಿ ಪುಸ್ತಕ ಮುಚ್ಚುತ್ತೀರಿ. ಕೊಡುವುದಿಲ್ಲ. ಹೇಳಬೇಕಾದವರು ಅವರು, ಅವರೇ ಹೇಳಲಿ. ಮೀನಾ ಕೂತಿದ್ದಾಳೆ.